ಒಲಿದು ಕಟ್ಟಿಕೊಂಡದ್ದು

ಕರೆಂಟು ಹೋಗದೇ ಇದ್ದಿದ್ದರೆ ಹಂಪಯ್ಯನಿಗೆ ಗೊತ್ತೇ ಆಗುತ್ತಿರಲಿಲ್ಲ.

ಆ ಬೇಸಿಗೆ ಹೈದರಾಬಾದಿನ ಕೊಂಡಾಪುರದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಕರೆಂಟು ತೆಗೆಯುತ್ತಿದ್ದರು. ಎದುರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಜನರೇಟರು ಗುಡುಗುಡು ಎನ್ನುತ್ತಿತ್ತು. ಅವುಗಳ ಬೆನ್ನಿಗಿದ್ದ ಹಳೇ ಊರಿನ ಬಾಡಿಗೆ ಮನೆಗಳಿಗೆ ಮೇಣದ ಬತ್ತಿಯೇ ಗತಿ. ಶಂಕ್ರಮ್ಮ ಬತ್ತಿ ಹಚ್ಚಿ, ಮಾವ ಹಂಪಯ್ಯನಿಗೂ ಗಂಡ ಸಂಗಣ್ಣನಿಗೂ ಎದುರುಬದುರು ತಾಟು ಇಟ್ಟು, ರೊಟ್ಟಿ ಬಡಿಯಲು ಕೂತಿದ್ದಳು. ಸೈಟಿನಿಂದ ಬಂದು ಸ್ನಾನ ಮುಗಿಸಿದ್ದ ಸಂಗಣ್ಣ ಸೆಕೆ ತಾಳಲಾರದೆ ಬನಿಯನ್ನು ಕಳಚಿ ಮೂಲೆಗೆ ಎಸೆದು ಊಟಕ್ಕೆ ಕೂತ. ಬತ್ತಿಯ ಬೆಳಕು ನೇರ ಅವನ ಬರಿಯ ಎದೆಯ ಮೇಲೆ ಬಿತ್ತು.

ಹಂಪಯ್ಯ ಆಗಷ್ಟೇ ತನ್ನ ಕರಡಿಗೆ ತೆರೆದು, ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮುಗಿಸಿ, ಮತ್ತೆ ಎದೆಗೆ ಇಳಿಬಿಟ್ಟುಕೊಂಡಿದ್ದ. ಅದಾಗದೆ ಅವನು ಎಂದೂ ತುತ್ತು ಮುಟ್ಟಿದವನಲ್ಲ. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

“ಸಂಗ್ಯಾ, ಲಿಂಗ ಎಲ್ಲೈತಿ?”

“ಒಳಗೈತಿ.”

“ಎದಿ ಮ್ಯಾಲ ಇರೋದು ಒಳಗ್ಯಾಕ ಹೋತು?”

“ಹೋಗಿ ಭಾಳ ದಿನ ಆತು ಅಪ್ಪ. ಉಣ್ಣು, ರೊಟ್ಟಿ ಆರ್ತಾವ.”

“ಭಾಳ ದಿನ ಅಂದ್ರ?”

ಸಂಗಣ್ಣ ಇನ್ನೊಂದು ತುತ್ತು ಮುರಿದ. ಪಕ್ಕದಲ್ಲಿ ಕೂತಿದ್ದ ಮಗಳು ಭಾಗ್ಯಶ್ರೀಯೇ ಹೇಳಿಬಿಟ್ಟಳು. “ನಾ ಎರಡನೇತ್ತಾ ಓದೋವಾಗಿಂದ ಮುತ್ಯಾ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವಳೀಗ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ.

ಹಂಪಯ್ಯ ತಾಟಿನಲ್ಲೇ ಕೈ ತೊಳೆದ.

“ಲಿಂಗ ಇಲ್ಲದವನ ಪಂಕ್ತಿಯೊಳಗ ನಾ ಉಣ್ಣಂಗಿಲ್ಲ. ಇನ್ನ ಮ್ಯಾಲ ನನಗ ಬ್ಯಾರೆ ನೀಡವ್ವ, ಶಂಕ್ರವ್ವ.”

ಸಂಗಣ್ಣ ದೇವರ ಮೇಲೆ ಮುನಿಸಿಕೊಂಡು ಲಿಂಗ ತೆಗೆದವನಲ್ಲ. ಲಿಂಗಸೂರಿನ ಕಡೆಯಿಂದ ಗೋಡೆ ಕಟ್ಟುವ ಗವಂಡಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಹೊಸತರಲ್ಲಿ ಒಂದು ದಿನ ಮೇಲಿಂದ ಇಳಿಬಿಟ್ಟ ಹಗ್ಗಕ್ಕೆ ಅವನ ಶಿವದಾರ ತೊಡರಿಕೊಂಡು ಉಸಿರು ಕಟ್ಟಿದಂತಾಗಿತ್ತು. ಆವತ್ತು ಸಂಜೆ ಮನೆಗೆ ಬಂದು, ನಾಳೆ ಒಂದು ದಿನ ಇಲ್ಲಿರಲಿ ಎಂದು ಮೊಳೆಗೆ ತಗುಲಿಸಿದ. ಆ ಒಂದು ದಿನ ವಾರವಾಯಿತು, ವರ್ಷವಾಯಿತು. ಯಾರೂ ಕೇಳಲಿಲ್ಲ. ಕೂಲಿಯವನು ಮೇಸ್ತ್ರಿಯಾದ, ಮೇಸ್ತ್ರಿ ಗುತ್ತೇದಾರನಾದ. ಬಂಡೆಗಲ್ಲು, ಜಾಲಿ ಬಿಟ್ಟರೆ ಬೇರೇನೂ ಇರದಿದ್ದ ಕಾಲಕ್ಕೆ ಕೊಂಡು ಹಾಕಿದ್ದ ತುಂಡು ಜಾಗದ ಸುತ್ತ ಕಂಪನಿಗಳು ಎದ್ದು ನಿಂತವು. ದೇವರು ಬೇಕಾಗಿಯೂ ಬರಲಿಲ್ಲ, ಬೇಡವಾಗಿಯೂ ಹೋಗಲಿಲ್ಲ. ಯಾರಾದರೂ ಕೇಳಿದರೆ ಎರಡೂ ಅಂಗೈ ತೋರಿಸಿ, “ಕಟ್ಟಿದ್ದು ಇವು” ಎನ್ನುವುದು ರೂಢಿಯಾಯಿತು.

ಆ ತುಂಡು ಜಾಗದಲ್ಲೇ ಈಗ ಸ್ವಂತ ಮನೆ ಎದ್ದಿತ್ತು. ಬಸವ ಜಯಂತಿಗೆ ಗೃಹಪ್ರವೇಶ. ಹೆಂಡತಿ ತೀರಿಕೊಂಡ ಮೇಲೆ ಅಣ್ಣನ ಮಕ್ಕಳ ಮನೆಯಲ್ಲಿದ್ದ ಹಂಪಯ್ಯನನ್ನು ಶಂಕ್ರಮ್ಮನೇ ಹಟ ಹಿಡಿದು ಕರೆಸಿದ್ದಳು. ಮುದುಕನಿಗೆ ಮೆಟ್ಟಿಲು ಹತ್ತುವ ತ್ರಾಸು ಬೇಡವೆಂದು ಕೆಳಗಡೆಯೇ ಒಂದು ಕೋಣೆ ಹಾಕಿಸಿದ್ದಳು. ತನಗೆ ಎರಡನೆಯ ಮಗು ಆಗಲಿಲ್ಲವೆಂದು ಊರೆಲ್ಲ ಗಂಡನಿಗೆ ಇನ್ನೊಂದು ಲಗ್ನ ಮಾಡಲು ಹೊರಟಾಗ, “ನನ್ನ ಮೊಮ್ಮಗಳು ಒಬ್ಬಾಕಿ ಸಾಕು” ಎಂದು ಬಾಗಿಲಿಗೆ ಅಡ್ಡ ನಿಂತವನು ಈ ಮಾವ. ಅವನ ಕೊನೆಗಾಲ ತನ್ನ ಕೈಯಲ್ಲಿ ಕಳೆಯಲಿ ಎಂಬುದೊಂದೇ ಅವಳ ಆಸೆ. ಆ ಆಸೆಗೇ ಈಗ ಕಲ್ಲು ಬಿತ್ತು.

“ಕೊರಳಾಗ ಲಿಂಗ ಇಲ್ಲದವ ಬಾಗಿಲ ಪೂಜಿ ಮಾಡಿದ ಮನಿಯಾಗ ನಾ ಕಾಲಿಡಂಗಿಲ್ಲ,” ಎಂದ ಹಂಪಯ್ಯ ಮರುದಿನ. “ಆವತ್ತೇ ಲಿಂಗಸೂರು ಬಸ್ಸು ಹತ್ತತೀನಿ.”

ಅಲ್ಲಿಂದ ಮನೆಯಲ್ಲಿ ಎರಡು ಪಂಕ್ತಿ ಶುರುವಾದವು. ಮೊದಲು ಮಾವ, ಆಮೇಲೆ ಗಂಡ. ಎರಡು ಸಲ ಹಂಚು ಕಾಯಬೇಕು, ಎರಡು ಸಲ ಪಲ್ಯ ಬಿಸಿಯಾಗಬೇಕು. ಶಂಕ್ರಮ್ಮನಿಗೆ ತಾನು ಉಂಡೆನೋ ಇಲ್ಲವೋ ಎಂಬುದೇ ಮರೆತುಹೋಗುತ್ತಿತ್ತು.

“ನಮ್ಮ ಆಫೀಸ್ ಕ್ಯಾಂಟೀನ್ ಆಗೇತಿ ನೋಡು ಅವ್ವ,” ಎಂದು ಭಾಗ್ಯಶ್ರೀ ನಗುತ್ತಿದ್ದಳು. “ಫಸ್ಟ್ ಶಿಫ್ಟ್ ಮುತ್ಯಾ, ಸೆಕೆಂಡ್ ಶಿಫ್ಟ್ ಅಪ್ಪ. ನಿನಗ ಮಾತ್ರ ಓವರ್‌ಟೈಮು.”

“ಹಲ್ಲು ಕಿಸೀಬ್ಯಾಡ. ಬಂದು ಹಿಟ್ಟು ನಾದು.”

ಊಟ ಬೇರೆಯಾದರೂ ಮಾತು ಬೇರೆಯಾಗಲಿಲ್ಲ. ಮೊದಲ ಪಂಕ್ತಿ ಮುಗಿಸಿದ ಹಂಪಯ್ಯ ಎಲೆ ಅಡಿಕೆ ಹಾಕಿಕೊಂಡು ಹೊಸ್ತಿಲಲ್ಲೇ ಕೂತು ಎರಡನೆಯ ಪಂಕ್ತಿಗೆ ಕೇಳಿಸುವಂತೆ ಹೇಳುತ್ತಿದ್ದ.

“ಶಿವ ಬಡಿದಾಗ ಗೊತ್ತಾಗ್ತೈತಿ ಮಗನ. ಆವಾಗ ಯಪ್ಪಾ ಯವ್ವಾ ಅಂದ್ರ ಬರಂಗಿಲ್ಲ.”

“ಎಂದು ಬಡಿತಾನಂತ ಕೇಳಿಡು ಅಪ್ಪ. ಆವತ್ತು ಸೈಟಿಗೆ ರಜಾ ಹಾಕ್ತೀನಿ.”

“ನಗು. ಗ್ವಾಡಿ ಎಬ್ಬಿಸೀನಿ ಅಂತ ಸೊಕ್ಕು ನಿನಗ. ಉಸಿರು ಯಾರು ಕೊಟ್ಟಾರ?”

“ಕೊಟ್ಟವರು ತಿರುಗಿ ಕೇಳಾಕ ಬಂದಿಲ್ಲಲ್ಲ! ಶಂಕ್ರಿ, ಇನ್ನೊಂದು ರೊಟ್ಟಿ ಹಾಕು.”

ಶಂಕ್ರಮ್ಮ ರೊಟ್ಟಿ ಹಾಕುತ್ತಿದ್ದಳು. ಗಂಡನ ತಾಟಿಗೆ ಬೆಣ್ಣೆ, ಮಾವನ ಲೋಟಕ್ಕೆ ಮಜ್ಜಿಗೆ.

ಹೀಗೇ ನಡೆದಿರುವಾಗ ಒಂದು ಸಂಜೆ ಸಂಗಣ್ಣನ ಹಿರಿಯ ಗವಂಡಿ ದ್ಯಾವಪ್ಪ ಮನೆಗೆ ಬಂದ. ಮುಖವೆಲ್ಲ ಸಿಮೆಂಟಿನ ಧೂಳು. ಶಂಶಾಬಾದಿನ ಕಡೆ ಒಂದು ಗೋದಾಮಿನ ಕೆಲಸ ನಡೆದಿತ್ತು. ಅಲ್ಲಿ ಸ್ಲ್ಯಾಬಿಗೆ ಕೊಟ್ಟಿದ್ದ ಆಧಾರದ ಕಂಬಗಳು ಜಾರಿ ಹಲಗೆಗಳೆಲ್ಲ ಕೆಳಗೆ ಕೂತಿದ್ದವು. ಒಬ್ಬರಿಗೂ ಏನೂ ಆಗಿರಲಿಲ್ಲ. ಎಲ್ಲರೂ ಚಹಾಕ್ಕೆ ಹೋಗಿದ್ದರು.

“ಮುದುಕ, ನಿನ್ನ ಶಿವ ಇವತ್ತ ಚಾದಂಗಡಿ ಇಟ್ಟಾನ ನೋಡು,” ಎಂದು ನಗಿಸಲು ನೋಡಿದ ದ್ಯಾವಪ್ಪ. ಅವನ ಹೆಂಡತಿಯೂ ಅದೇ ಹಲಗೆಯ ಕೆಳಗೆ ಮರಳು ಹೊರುವವಳು.

ಹಂಪಯ್ಯ ನಗಲಿಲ್ಲ. ಮಗನ ಕಡೆ ತಿರುಗಿ, “ಇದು ಮೊದಲನೇ ಪೆಟ್ಟು. ಕಣ್ಣು ತೆರದಿದ್ರ ಎರಡನೇದು ಹಿಂಗ ಬಿಡಂಗಿಲ್ಲ,” ಎಂದ.

ಸಂಗಣ್ಣ ಆ ತನಕ ತಲೆ ತಗ್ಗಿಸಿ ಕೂತಿದ್ದವನು ಎದ್ದು ನಿಂತ. ಅವನಿಗೆ ಇಷ್ಟು ಸಿಟ್ಟು ಬಂದದ್ದನ್ನು ಶಂಕ್ರಮ್ಮ ನೋಡಿರಲಿಲ್ಲ.

“ಯಾರಿಗೆ ಪೆಟ್ಟು ಅಪ್ಪ? ಕಂಬ ಸರಿ ಕೊಡಲಿಲ್ಲ, ಅದು ನನ್ನ ತಪ್ಪು. ಸಾಯ್ತಿದ್ದವ್ರು ಇವರು. ದಿನಾ ಮಲ್ಲಯ್ಯನ ಹೆಸರು ತಗೊಂಡು ಕೆಲಸಕ್ಕ ಬರೋರು. ನನಗ ಬುದ್ಧಿ ಹೇಳಾಕ ಇವರ ತಲಿ ಮ್ಯಾಲ ಹಲಿಗಿ ಕೆಡವೋ ಶಿವ ಇದ್ರ ಅವಂಗ ನಾ ಕೈ ಮುಗಿಯಂಗಿಲ್ಲ. ಅಂಜಿ ಕಟ್ಟಿಕೊಂಡ್ರ ಅದು ಲಿಂಗ ಆಗಂಗಿಲ್ಲ, ತಾಯತ ಆಗ್ತೈತಿ!”

ಅಂದು ಒಂದು ಪಂಕ್ತಿಯೂ ಕೂರಲಿಲ್ಲ. ಬಡಿದಿಟ್ಟ ರೊಟ್ಟಿಗಳನ್ನು ಶಂಕ್ರಮ್ಮ ದ್ಯಾವಪ್ಪನ ಕೈಯಲ್ಲಿ ಕಟ್ಟಿ ಕಳಿಸಿದಳು.

ಮರುದಿನ ಮಧ್ಯಾಹ್ನ ಮೆಂತ್ಯದ ಸೊಪ್ಪು ಬಿಡಿಸುತ್ತ ಮಾವನ ಮುಂದೆ ಕೂತಳು.

“ಮಾವಾರ, ನಿಮ್ಮ ಶಿವ ಭಾಳ ಸಿಟ್ಟಿನವನೇನ್ರಿ?”

“ಯಾಕವ್ವ?”

“ನಾ ದಿನಾ ಅಂಗೈ ಮ್ಯಾಲ ಇಟ್ಕೊಳ್ಳೋದು ಸುಮ್ನ ಕುಂತಿರ್ತೈತ್ರಿ. ನೀರು ಹಾಕಿದ್ರ ತಂಪಾಗ್ತೈತಿ. ಒಂದು ದಿನಾನೂ ನನ್ನ ಬಡಿದಿಲ್ಲ. ನಿಮ್ಮದು ಬ್ಯಾರೆ ಐತೇನೋ ಅಂತ ಕೇಳಿದೆ.”

ಹಂಪಯ್ಯ ಸೊಪ್ಪಿನ ಒಂದು ಕಡ್ಡಿ ಎತ್ತಿಕೊಂಡು ತಾನೂ ಬಿಡಿಸತೊಡಗಿದ.

“ಅವ ನನ್ನ ಮಗ ಶಂಕ್ರವ್ವ. ಅವಂಗ ಕೇಡಾಗ್ಲಿ ಅಂತ ಅಂತೀನೇನು ನಾನು? ಕೆಟ್ಟ ಮ್ಯಾಲ ಅಳೂದು ಬ್ಯಾಡ ಅಂತ ಅಂತೀನಿ.”

“ಅದು ನನಗ ಗೊತ್ರಿ. ಅವರಿಗೆ ಪೆಟ್ಟಷ್ಟ ಕೇಳಸ್ತೈತಿ. ಹೊಸ ಮನಿ ಪೂಜಿ ಮುಗಿಯೂ ತನಕ ಈ ಮನಿಯಾಗ ‘ಬಡಿತಾನ’ ಅನ್ನೂ ಮಾತು ಬ್ಯಾಡ್ರಿ. ನನ್ನ ಸಲುವಾಗಿ.”

ಮುದುಕ ಒಪ್ಪಿಕೊಂಡ. ಒಪ್ಪಿಕೊಂಡದ್ದನ್ನು ನಡೆಸುವುದು ಮಾತ್ರ ಅವನಿಗೆ ಬಹಳ ಕಷ್ಟವಾಯಿತು. ‘ಶಿವ’ ಎಂದವನು ಮುಂದಿನ ಮಾತು ನುಂಗಿ ಕೆಮ್ಮುತ್ತಿದ್ದ. ಭಾಗ್ಯಶ್ರೀ, “ಮುತ್ಯಾ, ಆ ಮಾತು ಬಾಯಿಗೆ ಬಂದ್ರ ಸಂಜೀ ಚಾ ಕಟ್,” ಎಂದು ಕಾಯಿದೆ ಮಾಡಿದಳು. ಮನೆ ಸ್ವಲ್ಪ ತಣ್ಣಗಾಯಿತು. ಸಂಗಣ್ಣ ಕೂಡ ತಂದೆಗೆ ಮಾವಿನ ಹಣ್ಣು ತಂದು ಹೊಸ್ತಿಲ ಬಳಿ ಇಟ್ಟು ಹೋಗುವಷ್ಟಾದ.

ಆಮೇಲೆ ಸಿಕ್ಕಿಬಿದ್ದವಳು ಶಂಕ್ರಮ್ಮನೇ.

ಅವಳ ಪೂಜೆ ಎಲ್ಲರೂ ಏಳುವ ಮುಂಚೆ. ಅಂದು ನಲ್ಲಿಗೆ ನೀರು ಬೇಗ ಬಂತೆಂದು ಹಂಪಯ್ಯ ಚೊಂಬು ಹುಡುಕುತ್ತ ಅಡುಗೆಮನೆಗೆ ಬಂದ. ಸೊಸೆ ಕಣ್ಣು ಮುಚ್ಚಿ ಕೂತಿದ್ದಳು. ಎಡ ಅಂಗೈ ಮೇಲೆ ಎರಡು ಲಿಂಗಗಳಿದ್ದವು. ಎರಡಕ್ಕೂ ವಿಭೂತಿ, ಎರಡಕ್ಕೂ ಒಂದೊಂದು ಕಣಗಿಲೆ ಹೂವು.

“ಎರಡು!” ಮುದುಕನ ಕೂಗಿಗೆ ಮನೆಯೆಲ್ಲ ಎದ್ದಿತು. “ಒಂದು ಅಂಗೈ ಮ್ಯಾಲ ಎರಡು! ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದು ಅಂತ ಗೊತ್ತಿಲ್ಲೇನು ನಿನಗ? ಒಬ್ಬಾಕಿ ಎರಡು ಮನಿ ಒಗತನ, ಸಂಸಾರ ಮಾಡಿದಂಗಾತಲ್ಲ ಶಂಕ್ರವ್ವ!”

“ಗೊತ್ತೈತ್ರಿ.”

“ಗೊತ್ತಿದ್ದು ಮಾಡಿದಿ?”

“ಮನಿಯಾಗ ಒಬ್ಬರನ್ನ ಉಪವಾಸ ಕುಂದ್ರಿಸಿ ನಾ ಹ್ಯಾಂಗ ಉಣ್ಣಲಿ ಮಾವಾರ?”

ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದಿದ್ದ ಸಂಗಣ್ಣ ಬಾಗಿಲಲ್ಲಿ ನಿಂತ. ಹೆಂಡತಿಯ ಅಂಗೈ ನೋಡಿದ. ಹೋಗಿ ಬಾಯಿ ತೊಳೆದು ಬಂದ.

“ಎಂದಿನಿಂದ?”

“ನೀವು ಮೊಳಿಗಿ ಹಾಕಿದ ಮರುದಿನದಿಂದ.”

“ನನ್ನ ಹಾಜರಿ ನೀ ಹಾಕಾಕತ್ತೀದಿ?” ಅವನ ದನಿ ಏರಿತು. ಸೈಟಿನಲ್ಲಿ ಅವನಿಗೆ ಆಗದ ಕೆಲಸವೆಂದರೆ ಇದೊಂದೇ. ಬಾರದವನ ಹೆಸರಿಗೆ ಬಂದವನು ಓಗೊಟ್ಟರೆ ಅವನು ಇಬ್ಬರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. “ಸೈಟಿನ್ಯಾಗ ಹಿಂಗ ಮಾಡಿದವರನ್ನ ಮನಿಗೆ ಕಳಸ್ತೀನಿ, ಗೊತ್ತೈತಿಲ್ಲೋ?”

“ಕಳಸ್ರಿ. ನಾ ಮನಿಯಾಗೇ ಅದೀನಿ.”

ಭಾಗ್ಯಶ್ರೀ ಕಿಸಕ್ಕನೆ ನಕ್ಕಳು. ಸಂಗಣ್ಣನಿಗೂ ನಗು ಬಂದಿತ್ತು, ತಡೆದುಕೊಂಡ. ಕೆಳಗೆ ಕೂತು ಕೈ ಚಾಚಿದ.

“ಕೊಡಿಲ್ಲಿ. ಕಟ್ಟಿಕೊಂಡು ಬಿಡ್ತೀನಿ. ಪೂಜಿ ಒಂದು ಮುಗೀಲಿ, ಅಪ್ಪನ ಸಿಟ್ಟು ಇಳೀಲಿ. ಆಮ್ಯಾಲ ನೋಡೂಣಂತ.”

ಇಷ್ಟು ದಿನ ಬೇಡಿಕೊಂಡದ್ದು ಎದುರಿಗೇ ಬಂದು ಕೂತಿತ್ತು. ಹೂಂ ಎಂದರೆ ಮಾವ ಉಳಿಯುತ್ತಾನೆ, ಪಂಕ್ತಿ ಒಂದಾಗುತ್ತದೆ. ಶಂಕ್ರಮ್ಮ ಅಂಗೈ ಮುಚ್ಚಿ ಹಿಂದಕ್ಕೆ ತೆಗೆದುಕೊಂಡಳು.

“ಆ ಮಾತಿಗಾದ್ರ ಕೊಡಂಗಿಲ್ಲ.”

“ಕೊಡವ್ವ, ತಾನ ಕೇಳಾಕತ್ತಾನಲ್ಲ!” ಎಂದ ಹಂಪಯ್ಯ ಗಾಬರಿಯಾಗಿ.

“ಇವರು ಕೇಳಾಕತ್ತಿಲ್ಲ ಮಾವಾರ, ನಿಮ್ಮ ಬಾಯಿ ಮುಚ್ಚಸಾಕತ್ತಾರ.” ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಇವತ್ತಲ್ಲ ನಾಳೆ ಎಲ್ಲಾರ ಕೈಯಾಗೂ ಇದು ಬರೋದೈತಿ. ಜೀವ ಹೋದ ದಿನ ಕುಂದ್ರಿಸಿ, ನಾಕು ಮಂದಿ ಸೇರಿ ಸೆಟೆದ ಬೆರಳು ಬಿಡಿಸಿ, ಅಂಗೈಯಾಗ ಇಟ್ಟು ಮಣ್ಣು ಎಳೀತಾರ. ಆವಾಗ ಒಲ್ಲೆ ಅನ್ನಾಕ ಬಾಯಿ ಇರಂಗಿಲ್ಲ. ಹೂಂ ಅನ್ನಾಕೂ ಇರಂಗಿಲ್ಲ. ಈಗ ನಿಮಗ ಎರಡೂ ಅದಾವು. ನಿಮಗ ಬೇಕನಿಸಿದ ದಿನ ಹೂಂ ಅನ್ರಿ, ಕೊಡ್ತೀನಿ. ಬ್ಯಾಡಂದ್ರ ಒಲ್ಲೆ ಅನ್ರಿ. ನಡುವ ಸುಳ್ಳು ಬ್ಯಾಡ.”

ಸಂಗಣ್ಣ ಚಹಾ ಕುಡಿಯದೆ ಸೈಟಿಗೆ ಹೋದ. ಹಂಪಯ್ಯ ತನ್ನ ಚೀಲ ತೆಗೆದು ಧೋತರ ಮಡಚಿ ಇಡತೊಡಗಿದ. ಅಂದು ಶಂಕ್ರಮ್ಮನ ಸಾರು ಹೊತ್ತಿತು. ತಾನೇ ಕೈಯಾರೆ ಮಾವನನ್ನು ಬಸ್ಸು ಹತ್ತಿಸಿದೆನೇ ಎಂದು ಅವಳಿಗೆ ದಿನವಿಡೀ ಜೀವ ಹೊಡೆದುಕೊಂಡಿತು. ಆದರೂ ಸಂಜೆ ಗಂಡ ಬಂದಾಗ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಸವ ಜಯಂತಿಯ ಬೆಳಿಗ್ಗೆ ಹೊಸ ಮನೆಯ ಮುಂದೆ ಮಾವಿನ ತೋರಣ, ಚಿಕ್ಕ ಶಾಮಿಯಾನ. ಹಂಪಯ್ಯ ಚೀಲ ಹಿಡಿದು ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ಕೂತಿದ್ದ. ಮಠದ ಅಯ್ಯನವರು ಬಂದು, “ಗಂಡ ಹೆಂಡತಿ ಲಿಂಗ ಕೈಗೆ ತಗೊಂಡು ಕುಂದ್ರಿ,” ಎಂದರು. ನೆಂಟರೆಲ್ಲ ನೋಡುತ್ತಿದ್ದರು. ಸಂಗಣ್ಣ ಹೊಸ ಅಂಗಿಯ ಗುಂಡಿಯನ್ನು ಕೊರಳ ತನಕ ಹಾಕಿಕೊಂಡಿದ್ದ. ಅಂಗೈ ಮುಚ್ಚಿ ಸುಮ್ಮನೆ ಕೂತಿದ್ದರೆ ಹೇಗೋ ಸಾಗುತ್ತಿತ್ತು.

“ನನ್ನ ಕೊರಳಾಗ ಇಲ್ಲರಿ ಅಯ್ಯನೋರ,” ಎಂದ, ಎಲ್ಲರಿಗೂ ಕೇಳುವಂತೆ. “ತೆಗೆದಿಟ್ಟು ಭಾಳ ವರ್ಷ ಆತು. ಸುಳ್ಳು ಹೇಳಿ ಕುಂದ್ರಂಗಿಲ್ಲ. ಈಕಿ ಕುಂದರ್ತಾಳ. ಇಷ್ಟು ವರ್ಷ ಇಬ್ಬರದೂ ಈಕಿನ ಮಾಡ್ಯಾಳ.”

ಗುಸುಗುಸು ಎದ್ದಿತು. ಶಂಕ್ರಮ್ಮ ತನ್ನ ತಪ್ಪನ್ನೂ ಹೇಳಿಕೊಂಡಳು. ಅಯ್ಯನವರು ನಕ್ಕರು.

“ಅವಂದು ಒಂದು ಬಟ್ಟಲದಾಗ ಇಟ್ಟು ನೀರು ಹಾಕವ್ವ. ಅಂಗೈ ಮಾತ್ರ ಅವಂದ ಆಗಬೇಕು. ಮನಸ್ಸು ಬಂದ ದಿನ ನನಗೊಂದು ಫೋನ್ ಹಚ್ಚಿದ್ರ ಸಾಕು.”

ಅವಳೊಬ್ಬಳೇ ಕೂತಳು. ಅಂಗೈ ಮೇಲೆ ನೀರು ಹಾಕಿಕೊಳ್ಳುವಾಗ ಪಕ್ಕದಲ್ಲಿ ಯಾರೋ ಬಂದು ಕೂತಂತಾಯಿತು. ನೋಡಿದರೆ ಹಂಪಯ್ಯ. ಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟಿದ್ದ.

“ಮಂದಿ ಮುಂದ ಖರೇ ಹೇಳಿದ,” ಎಂದು ಗೊಣಗಿದ. “ಇನ್ನ ನಾ ಸುಳ್ಳು ಸಿಟ್ಟು ಹಿಡಕೊಂಡು ಹೊರಗ ಕುಂತ್ರ ಚಂದಲ್ಲ.”

ಪೂಜೆಯಾದ ಮೇಲೆ ಸಂಗಣ್ಣ ತನ್ನ ಪದ್ಧತಿ ನಡೆಸಿದ. ಆ ಮನೆಗೆ ಕೈ ಹಚ್ಚಿದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಬಟ್ಟೆ ಕೊಟ್ಟ. ದ್ಯಾವಪ್ಪನಿಗೆ ರುಮಾಲು, ಅವನ ಹೆಂಡತಿಗೆ ಇಳಕಲ್ಲ ಸೀರೆ. ಕರೆಂಟಿನವನು, ಬಾವಿ ತೋಡಿದವನು, ಬಣ್ಣದವನು. ಪಾಲಮೂರಿನ ಇಟ್ಟಿಗೆ ಹೊರುವ ಮುದುಕಿ ಬಂದಿರಲಿಲ್ಲ. ಮರುದಿನ ಅವಳ ಗುಡಿಸಲು ಹುಡುಕಿಕೊಂಡು ಹೋಗಿ, “ತೀಸ್ಕೋ ಅವ್ವಾ” ಎಂದು ಅವಳ ತೆಲುಗಿನಲ್ಲೇ ಹೇಳಿ ಸೀರೆ ಕೈಗಿಟ್ಟು ಬಂದ.

ಆಮೇಲೆ ಯಾರೂ ಅವನನ್ನು ಏನೂ ಕೇಳಲಿಲ್ಲ. ಹಂಪಯ್ಯ ಕೆಳಗಿನ ಕೋಣೆಯಲ್ಲಿ ನೆಲೆಯಾದ. ಪಂಕ್ತಿ ಬೇರೆ ಬೇರೆಯಾಗಿಯೇ ಇದ್ದವು, ಜಗಳ ಮಾತ್ರ ಇರಲಿಲ್ಲ. ಮೊದಲ ಮಳೆ ಬಂದು ಹೋಯಿತು. ಮಾಳಿಗೆ ಒಂದು ಹನಿ ಸೋರಲಿಲ್ಲ. ಗೋದಾಮಿನ ಕೆಲಸ ಮುಗಿದು ಹೊಸ ಕೆಲಸ ಸಿಕ್ಕಿತು. ಭಾಗ್ಯಶ್ರೀಗೆ ಆಫೀಸಿನಲ್ಲಿ ಬಡ್ತಿಯಾಯಿತು.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದ ಸಂಗಣ್ಣ ಅಂಗಿ ಹಾಕಿಕೊಳ್ಳದೆ ಅಡುಗೆಮನೆಯ ಗೋಡೆಗೆ ಒರಗಿ ನಿಂತ. ಹಂಪಯ್ಯ ತನ್ನ ಪೂಜೆ ಮುಗಿಸುತ್ತಿದ್ದ.

“ಶಂಕ್ರಿ, ಮನಿ ಕಟ್ಟಿದವರಿಗೆಲ್ಲ ಕೊಟ್ವಿ ಹೌದಿಲ್ಲೋ?”

“ಕೊಟ್ವಿ. ಯಾರೂ ಉಳದಿಲ್ಲ.”

“ಒಬ್ಬರು ಉಳಿದಾರ.”

ಅವಳು ಯಾರಿರಬಹುದೆಂದು ಯೋಚಿಸತೊಡಗಿದಳು. ಕಿಟಕಿಯ ಬಡಿಗನೇ? ಅವನಿಗೂ ಕೊಟ್ಟಾಗಿತ್ತು.

“ಉಸಿರು ಕೊಟ್ಟವರು. ನನ್ನ ಲಿಂಗದ ಬಟ್ಟಲ ಇತ್ತ ತಾ,” ಎಂದ ಸಂಗಣ್ಣ.

ಅವಳು ತಟ್ಟನೆ ತಿರುಗಿ ನಿಂತಳು. “ಯಾಕ್ರಿ? ಏನಾತು? ಸೈಟಿನ್ಯಾಗ ಏನಾರ…”

“ಏನೂ ಆಗಿಲ್ಲ. ಮೈಯಾಗ ಶಕ್ತಿ ಐತಿ, ಮಗಳು ಚಲೋ ಅದಾಳ, ಅಪ್ಪ ಮನಿಯಾಗ ಅದಾನ. ಏನೂ ಆಗಿಲ್ಲ, ಅದಕ್ಕ ಕೇಳಾಕತ್ತೀನಿ. ಏನಾರ ಆದ ಮ್ಯಾಲ ಕೇಳಿದ್ರ ನನಗ ನಾಚಿಕಿ ಆಗ್ತೈತಿ.”

ಶಂಕ್ರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಬಟ್ಟಲು ತಂದು ಗಂಡನ ಮುಂದೆ ಇಟ್ಟು ಮಾವನ ಮುಖ ನೋಡಿದಳು. ಹಂಪಯ್ಯ ಪಕ್ಕಕ್ಕೆ ಸರಿದು ಮಗನಿಗೆ ಜಾಗ ಮಾಡಿದ. ಭಾಗ್ಯಶ್ರೀ ಒದ್ದೆ ಕೂದಲಲ್ಲೇ ಬಂದು ಅಯ್ಯನವರಿಗೆ ಫೋನು ಹಚ್ಚಿಕೊಟ್ಟಳು. “ಭಾಳ ಚಲೋ ಆತು, ತಗೋ ತಮ್ಮಾ,” ಎಂಬ ಅವರ ದನಿ ಎಲ್ಲರಿಗೂ ಕೇಳಿಸಿತು.

ಸಂಗಣ್ಣ ಕೂತ. ಬಟ್ಟಲ ಕಡೆ ಕೈ ಚಾಚಿದವನು ಅರ್ಧಕ್ಕೆ ನಿಂತ.

“ಯಾವ ಕೈ ಅಪ್ಪ?”

“ಎಡಗೈ.”

ಲಿಂಗ ಅವನ ಒರಟು ಅಂಗೈಗೆ ಬಂತು. ಶಂಕ್ರಮ್ಮ ನೀರು ಹನಿಸಿದಳು. ಅಂಗೈ ಬಟ್ಟಲಾಗಿಸುವುದು ಮರೆತುಹೋಗಿ, ನೀರೆಲ್ಲ ಬೆರಳ ಸಂದಿಯಿಂದ ಜಾರಿ ಮೊಳಕೈ ತನಕ ಹರಿಯಿತು. ಅವನು ಮಗುವಿನ ಹಾಗೆ ಮತ್ತೊಮ್ಮೆ ಕೈ ಮುಂದೆ ಮಾಡಿದ.

ಹೊರಗೆ ಆಫೀಸಿನ ಕ್ಯಾಬು ಬಂದು ಹಾರ್ನ್ ಹೊಡೆಯಿತು. ಭಾಗ್ಯಶ್ರೀ ಕಿಟಕಿಗೆ ಓಡಿ, “ಭಯ್ಯಾ, ದೋ ಮಿನಟ್!” ಎಂದು ಕೂಗಿದಳು.

“ಹತ್ತು ಮಿನಟ್ ಅನ್ನವ್ವ,” ಎಂದ ಹಂಪಯ್ಯ, ಮಗನ ಬೆರಳುಗಳನ್ನು ಒಂದೊಂದಾಗಿ ಒತ್ತಿ ಕೂಡಿಸುತ್ತ. “ನಿಮ್ಮಪ್ಪಗ ಎಲ್ಲಾ ಮರತೈತಿ. ಮೊದಲಿಂದ ಕಲಸಬೇಕು.”